ಗೋಧಿ ಹೊಲಗಳ ನಡುವೆ ಸೈಕಲ್: ಬುರ್ಗೋಸ್‌ನಿಂದ ಲಿಯೋನ್‌ವರೆಗೆ

ಸ್ಪೇನ್‌ನಲ್ಲಿ ಮೌಂಟನ್ ಬೈಕ್ ತುಳಿಯಬೇಕೆಂದು ಹೊರಟವರಿಗೆ ಬುರ್ಗೋಸ್ ಮತ್ತು ಲಿಯೋನ್ ನಗರಗಳ ನಡುವಿನ ಭಾಗ ನಕ್ಷೆಯಲ್ಲಿ ತೀರಾ ಸುಲಭವಾಗಿ ಕಾಣುತ್ತದೆ. ಸುಮಾರು 180 ಕಿಲೋಮೀಟರ್ ದಾರಿ. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಬಯಲು, ಹೆಸರು ಮೆಸೆಟಾ. ದೊಡ್ಡ ಘಟ್ಟ ಒಂದೂ ಇಲ್ಲ. ಊರಿನಲ್ಲಿ ನಂದಿಬೆಟ್ಟ ಹತ್ತಿ ಇಳಿದು ಅಭ್ಯಾಸವಿದ್ದವರು ‘ಎರಡು ದಿನ ಸಾಕು’ ಎಂದು ಲೆಕ್ಕ ಹಾಕಿ ರೈಲಿನ ಟಿಕೆಟ್ಟನ್ನೂ ಕೊಂಡುಬಿಡುತ್ತಾರೆ.

ಆ ಲೆಕ್ಕ ದಾರಿಯಲ್ಲೇ ತಪ್ಪುತ್ತದೆ. ರಾತ್ರಿ ಒಂದು ಮಳೆ ಬಿದ್ದರೆ ಬೆಳಿಗ್ಗೆ ಚಕ್ರ ತಿರುಗುವುದಿಲ್ಲ. ಮಧ್ಯಾಹ್ನ ಮೂರೂವರೆಗೆ ಹಸಿದು ಹಳ್ಳಿ ಸೇರಿದರೆ ಅಂಗಡಿಯ ಬಾಗಿಲು ಹಾಕಿರುತ್ತದೆ, ಬೀದಿಯಲ್ಲಿ ಕೇಳಲು ಒಬ್ಬರೂ ಇರುವುದಿಲ್ಲ. ಹೊಲದ ಬದಿಯಲ್ಲಿ ಸೈಕಲ್ ಒರಗಿಸಿ ಚಿತ್ರ ತೆಗೆದು ಬರುವಷ್ಟರಲ್ಲಿ ಎರಡೂ ಟಯರ್ ಪಂಕ್ಚರ್. ಕಾಲಿನ ಬಲ ಕಡಿಮೆಯಾಗಿ ಬರುವ ತೊಂದರೆಗಳಲ್ಲ ಇವು. ಈ ದಾರಿ ಮೊದಲು ರೈತರದು, ಕುರುಬರದು, ನಡೆದು ಹೋಗುವ ಯಾತ್ರಿಕರದು. ಸೈಕಲ್ಲಿನವರು ಕೊನೆಗೆ ಬಂದ ಅತಿಥಿಗಳು. ಆ ಊರಿನ ಮಣ್ಣು ಮತ್ತು ಹೊತ್ತು ಎರಡನ್ನೂ ಅರಿತು ದಿನವನ್ನು ಜೋಡಿಸಿಕೊಂಡರೆ ಈ ನಾಲ್ಕು ದಿನಗಳು ಯುರೋಪಿನ ಅತ್ಯಂತ ಚೆಂದದ ಸೈಕಲ್ ಪ್ರಯಾಣಗಳಲ್ಲಿ ಒಂದು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಹೌದು, ನಾಲ್ಕು ದಿನ. ಏಕೆ ಎಂಬುದು ಮುಂದೆ ಗೊತ್ತಾಗುತ್ತದೆ.

ಈ ದಾರಿ ಹುಟ್ಟಿದ್ದು ಹೇಗೆ

ಬುರ್ಗೋಸ್–ಲಿಯೋನ್ ದಾರಿ ಸಾಂತಿಯಾಗೊ ಯಾತ್ರೆಯ ಪ್ರಸಿದ್ಧ ‘ಫ್ರೆಂಚ್ ದಾರಿ’ಯ ಒಂದು ತುಂಡು. ಸ್ಪೇನ್‌ನ ವಾಯವ್ಯ ಮೂಲೆಯ ಸಾಂತಿಯಾಗೊ ದೆ ಕಾಂಪೋಸ್ತೆಲಾಕ್ಕೆ ಮಧ್ಯಯುಗದಿಂದ ಜನ ನಡೆದು ಹೋಗುತ್ತಿದ್ದಾರೆ. 1993ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಳದಿ ಬಾಣ, ಚಿಪ್ಪಿನ ಗುರುತು ದಾರಿಯುದ್ದಕ್ಕೂ ಇರುವುದರಿಂದ ದಾರಿ ತಪ್ಪುವ ಭಯ ಕಡಿಮೆ.

ಸೈಕಲ್ಲಿನವರಿಗೆ ಇದಕ್ಕಿಂತ ಉಪಯೋಗದ ಸಂಗತಿ ಬೇರೆ ಇದೆ. 1950ರ ದಶಕದಿಂದ ಸ್ಪೇನ್ ಸರ್ಕಾರ ತುಂಡು ತುಂಡಾಗಿದ್ದ ಹಿಡುವಳಿಗಳನ್ನು ಒಗ್ಗೂಡಿಸಿ, ಪ್ರತಿ ಹೊಲಕ್ಕೂ ಟ್ರ್ಯಾಕ್ಟರ್ ಹೋಗುವಂತೆ ಅಗಲವಾದ, ನೆಟ್ಟಗಿನ ಮಣ್ಣಿನ ದಾರಿಗಳನ್ನು ಮಾಡಿಸಿತು. ಯಾತ್ರಾಮಾರ್ಗ ಡಾಂಬರು ರಸ್ತೆಗೆ ಅಂಟಿಕೊಂಡ ಕಡೆಯೆಲ್ಲ ಈ ಹೊಲದ ದಾರಿಗಳು ಪಕ್ಕದಲ್ಲೇ ಸಿಗುತ್ತವೆ. ಇವುಗಳ ಜೊತೆಗೆ ಕುರಿದಾರಿಗಳ ಜಾಲವಿದೆ. ಬೇಸಿಗೆಗೆ ಉತ್ತರದ ಬೆಟ್ಟಗಳಿಗೆ, ಚಳಿಗೆ ದಕ್ಷಿಣದ ಬಯಲಿಗೆ ಮೆರಿನೊ ಕುರಿಗಳನ್ನು ಹೊಡೆದುಕೊಂಡು ಹೋಗಲು ರಾಜಾಜ್ಞೆಯಿಂದ ಕಾಯ್ದಿಟ್ಟ ಪಟ್ಟಿಗಳು ಅವು. ದೊಡ್ಡವಕ್ಕೆ ಸುಮಾರು 75 ಮೀಟರ್ ಅಗಲ. 1273ರಲ್ಲಿ ಹತ್ತನೆಯ ಅಲ್ಫೋನ್ಸೊ ಮನ್ನಣೆ ಕೊಟ್ಟ ಮೆಸ್ತಾ ಎಂಬ ಕುರಿಗಾರರ ಸಂಘ 1836ರವರೆಗೂ ಇವುಗಳ ಹಕ್ಕು ನೋಡಿಕೊಳ್ಳುತ್ತಿತ್ತು. 1995ರ ಕಾಯ್ದೆ ಈ ಪಟ್ಟಿಗಳನ್ನು ಸಾರ್ವಜನಿಕ ಆಸ್ತಿಯಾಗಿಯೇ ಉಳಿಸಿ, ನಡೆಯುವವರಿಗೂ ಮೋಟಾರಿಲ್ಲದ ವಾಹನಗಳಿಗೂ ತೆರೆದಿಟ್ಟಿದೆ. ಆದರೆ ಮೊದಲ ಹಕ್ಕು ಇವತ್ತಿಗೂ ದನಕುರಿಗಳದ್ದೇ.

ಹೊರಡುವ ಮೊದಲು

1. ಕಾಲ ಆರಿಸಿಕೊಳ್ಳಿ. ಮೇ ತಿಂಗಳಿನಿಂದ ಜೂನ್ ಮಧ್ಯದವರೆಗೆ, ಇಲ್ಲವೇ ಸೆಪ್ಟೆಂಬರ್‌ನಿಂದ ಅಕ್ಟೋಬರ್ ಮಧ್ಯದವರೆಗೆ. ಜುಲೈ, ಆಗಸ್ಟ್‌ನಲ್ಲಿ ಬಿಸಿಲು 35 ಡಿಗ್ರಿ ದಾಟುವ ದಿನಗಳು ಸಾಮಾನ್ಯ, ಮರದ ನೆರಳು ಅಪರೂಪ. ನನ್ನ ಆಯ್ಕೆ ಮೇ ಕೊನೆಯ ವಾರಗಳು. ಗೋಧಿ, ಬಾರ್ಲಿ ಇನ್ನೂ ಹಸಿರಾಗಿದ್ದು ಗಾಳಿಗೆ ತೊನೆಯುತ್ತಿರುತ್ತವೆ, ಬದುಗಳ ತುಂಬ ಕೆಂಪು ಗಸಗಸೆ ಹೂ. ಮಳೆಯ ಸಾಧ್ಯತೆ ಆಗ ಸ್ವಲ್ಪ ಹೆಚ್ಚು ಎಂಬುದು ನಿಜ. ಸೆಪ್ಟೆಂಬರ್‌ನಲ್ಲಿ ದಾರಿ ಒಣಗಿರುತ್ತದೆ, ಆದರೆ ಕೂಳೆ ಹೊಲ ಮತ್ತು ತಲೆ ಬಾಗಿಸಿದ ಸೂರ್ಯಕಾಂತಿಯೇ ಹೆಚ್ಚು.

2. ಸೈಕಲ್. ಬಯಲಿಗೆ ಮೌಂಟನ್ ಬೈಕ್ ಏಕೆ ಎಂದು ಕೇಳುವವರಿದ್ದಾರೆ. ಕರಿಯೋನ್ ಪಟ್ಟಣದಾಚೆ ಪ್ರಾಚೀನ ರೋಮನ್ ರಸ್ತೆಯ ಮೇಲೆ ಹಾಸಿದ ದಪ್ಪ ಜಲ್ಲಿ, ಟ್ರ್ಯಾಕ್ಟರ್ ಚಕ್ರ ಕೊರೆದು ಒಣಗಿದ ಗಾಡಿಜಾಡು, ಒಂದೆರಡು ಕಡಿದಾದ ಇಳಿಜಾರು ಇವೆ. ತೆಳು ಟಯರಿನಲ್ಲಿ ಕೈ, ಸೊಂಟ ಎರಡೂ ಸೋಲುತ್ತವೆ. ಮುಂದೆ ಮಾತ್ರ ಸಸ್ಪೆನ್ಷನ್ ಇರುವ, 2.1ರಿಂದ 2.25 ಇಂಚಿನ ಟಯರಿನ ಸೈಕಲ್ ಸಾಕು. ಹಿಂದಿನ ಸಸ್ಪೆನ್ಷನ್ ಇಲ್ಲಿ ಬರೀ ಭಾರ. ಬಾಡಿಗೆಗೆ ಕೊಡುವವರು ಯಾತ್ರಾಮಾರ್ಗದ ದೊಡ್ಡ ಊರುಗಳಲ್ಲಿ ಇದ್ದಾರೆ. ಒಂದೂರಲ್ಲಿ ಪಡೆದು ಇನ್ನೊಂದೂರಲ್ಲಿ ಬಿಡುವ ವ್ಯವಸ್ಥೆಯೂ ಸಿಗುತ್ತದೆ. ವಾರದ ಪ್ರಯಾಣಕ್ಕೆ ಭಾರತದಿಂದ ಸೈಕಲ್ ಪೆಟ್ಟಿಗೆಯಲ್ಲಿ ತುಂಬಿ ಒಯ್ಯುವುದಕ್ಕಿಂತ ಇದೇ ವಾಸಿ. ಎಲೆಕ್ಟ್ರಿಕ್ ಸೈಕಲ್ಲಂತೂ ತರಲಾಗುವುದಿಲ್ಲ, ಅದರ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನದಲ್ಲಿ ಬಿಡುವುದಿಲ್ಲ.

3. ಕಾಗದಪತ್ರ. ಭಾರತದಿಂದ ಬರುವವರಿಗೆ ಷೆಂಗೆನ್ ವೀಸಾ ಬೇಕು. ಅದಕ್ಕೆ ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಪಾಲಿಸಿಯಲ್ಲಿ ಮೌಂಟನ್ ಬೈಕಿಂಗ್ ಹೊರಗಿಟ್ಟಿದ್ದಾರೆಯೇ ಎಂದು ಸಣ್ಣ ಅಕ್ಷರದ ಷರತ್ತುಗಳಲ್ಲಿ ನೋಡಿಕೊಳ್ಳಿ. ಜರ್ಮನಿ, ನೆದರ್ಲೆಂಡ್ಸ್‌ಗಳಲ್ಲಿ ಕೆಲಸದಲ್ಲಿರುವ ನಮ್ಮವರಿಗೆ ಈ ತಲೆನೋವಿಲ್ಲ, ನಾಲ್ಕು ದಿನ ರಜೆ ಹೊಂದಿಸಿದರೆ ಆಯಿತು. ಯಾತ್ರಿಕರ ವಸತಿಗೃಹಗಳಲ್ಲಿ ತಂಗುವುದಾದರೆ ‘ಕ್ರೆದೆನ್ಸಿಯಾಲ್’ ಎಂಬ ಯಾತ್ರಾಪುಸ್ತಿಕೆ ಪಡೆದುಕೊಳ್ಳಿ. ಬುರ್ಗೋಸ್‌ನಲ್ಲೇ ಸಿಗುತ್ತದೆ.

4. ನಕ್ಷೆ. ಸ್ಪೇನ್‌ನ ರಾಷ್ಟ್ರೀಯ ಭೌಗೋಳಿಕ ಸಂಸ್ಥೆಯ 1:25,000 ಅಳತೆಯ ನಕ್ಷೆಗಳು ಉಚಿತ, ಹೊಲದ ದಾರಿಗಳೆಲ್ಲ ಅದರಲ್ಲಿವೆ. ಫೋನಿನಲ್ಲಿ ಇಳಿಸಿಕೊಂಡಿರಿ. ಇತರರು ತುಳಿದ ದಾರಿಯ ದಾಖಲೆಗಳು ವಿಕಿಲಾಕ್‌ನಲ್ಲಿ ಹೇರಳವಾಗಿವೆ. ಆದರೆ ಅವು ಯಾವ ತಿಂಗಳಲ್ಲಿ ತುಳಿದದ್ದು ಎಂಬುದನ್ನು ಮೊದಲು ನೋಡಿ. ಆಗಸ್ಟ್‌ನ ದಾರಿ ಏಪ್ರಿಲ್‌ನಲ್ಲಿ ದಾರಿಯೇ ಅಲ್ಲ.

ಕೆಸರು: ಎಲ್ಲಕ್ಕಿಂತ ಮುಖ್ಯವಾದ ಮಾತು

ಉತ್ತರ ಕರ್ನಾಟಕದ ಎರೆಹೊಲದಲ್ಲಿ ಮಳೆಗಾಲ ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ. ಬಣ್ಣ ಬೇರೆ, ಗುಣ ಅದೇ. ಮೆಸೆಟಾದ ಬಹುಭಾಗ ಜೇಡಿ ಮತ್ತು ಸುಣ್ಣ ಬೆರೆತ ನೆಲ. ಜೇಡಿಯ ಕಣ ಬಹಳ ಸಣ್ಣದು, ನೀರನ್ನು ತೆಳುಪದರವಾಗಿ ಹಿಡಿದುಕೊಂಡು ರಬ್ಬರಿಗೆ ಅಂಟುತ್ತದೆ. ಒಂದು ಸುತ್ತು ಅಂಟಿದ ಮೇಲೆ ಆ ಪದರ ಮುಂದಿನ ಮಣ್ಣನ್ನು, ಜೊತೆಗೆ ಹೊಟ್ಟು ಮತ್ತು ಸಣ್ಣ ಕಲ್ಲನ್ನು ಎತ್ತಿಕೊಳ್ಳುತ್ತದೆ. ಇನ್ನೂರು ಮೀಟರ್ ಹೋಗುವಷ್ಟರಲ್ಲಿ ಟಯರ್ ಮತ್ತು ಫೋರ್ಕ್ ನಡುವಿನ ಸಂದು ಪೂರ್ತಿ ತುಂಬಿ ಮುಂಚಕ್ರ ನಿಲ್ಲುತ್ತದೆ. ಇದು ಬರೀ ಕಿರಿಕಿರಿ.

ನಿಜವಾದ ನಷ್ಟ ಆಗುವುದು ಹಿಂದಿನ ಚಕ್ರದಲ್ಲಿ. ಗೇರ್ ಬದಲಿಸುವ ಡಿರೇಲರ್ ಮತ್ತು ಚೈನಿನ ನಡುವೆ ಕೆಸರು, ಹುಲ್ಲು ಸಿಕ್ಕಿಕೊಂಡಿರುತ್ತದೆ. ಸವಾರ ‘ಇನ್ನೊಂದು ಸ್ವಲ್ಪ’ ಎಂದು ಪೆಡಲ್ ಒತ್ತುತ್ತಾನೆ. ಚೈನು ಡಿರೇಲರನ್ನು ಹಿಂದಕ್ಕೆ, ಮೇಲಕ್ಕೆ ಎಳೆಯುತ್ತದೆ. ಅದು ಕಡ್ಡಿಗಳ ನಡುವೆ ಹೊಕ್ಕು ‘ಟಕ್’ ಎಂದು ಮುರಿಯುತ್ತದೆ. ಮುರಿಯುವುದು ಹೆಚ್ಚಾಗಿ ಡಿರೇಲರನ್ನು ಫ್ರೇಮಿಗೆ ಜೋಡಿಸುವ ಹ್ಯಾಂಗರ್ ಎಂಬ ಸಣ್ಣ ಅಲ್ಯೂಮಿನಿಯಂ ತುಂಡು. ಅದು ಮೆತ್ತಗಿರುವುದು ಬೇಕೆಂದೇ. ಫ್ರೇಮ್ ಮುರಿಯುವ ಬದಲು ಅದು ಮುರಿಯಲಿ ಎಂದು. ತೊಂದರೆ ಏನೆಂದರೆ ಒಂದೊಂದು ಫ್ರೇಮಿಗೆ ಒಂದೊಂದು ಆಕಾರದ ಹ್ಯಾಂಗರ್, ಹಳ್ಳಿಯಲ್ಲಿ ಅದು ಸಿಗುವುದಿಲ್ಲ. ನಿಮ್ಮ ಸೈಕಲ್ಲಿನದೇ ಒಂದು ಹ್ಯಾಂಗರ್ ಚೀಲದಲ್ಲಿರಲಿ. ಬಾಡಿಗೆ ಸೈಕಲ್ಲಾದರೆ ಕೇಳಿ ಪಡೆದುಕೊಳ್ಳಿ. ಬೆರಳುದ್ದದ ಈ ತುಂಡು ಮರೆತವರ ಪ್ರಯಾಣ ಅರ್ಧಕ್ಕೆ ನಿಲ್ಲುತ್ತದೆ.

ಹಾಗಾದರೆ ಮಳೆ ಬಂದಾಗ ಏನು ಮಾಡಬೇಕು?

1. ಹೊರಡುವ ಮೊದಲು ದಾರಿಯ ಬಣ್ಣ ನೋಡಿ. ತಿಳಿ ಬೂದು ಬಣ್ಣದ ಜಲ್ಲಿ ಹಾಸಿದ್ದರೆ ನೀರು ಇಳಿದುಹೋಗುತ್ತದೆ, ಕೆಲವು ಗಂಟೆಗಳಲ್ಲಿ ತುಳಿಯಬಹುದು. ಕಂದು ಅಥವಾ ಕೆಂಪು ಮಣ್ಣು, ನಡುವೆ ಹುಲ್ಲು, ಎರಡೂ ಬದಿ ಆಳದ ಜಾಡು ಇದ್ದರೆ ಒಂದು ದಿನದ ಬಿಸಿಲು, ಗಾಳಿ ಬೇಕು.
2. ಅನುಮಾನವಿದ್ದರೆ ಸಮಾಂತರ ಡಾಂಬರು ರಸ್ತೆ ಹಿಡಿಯಿರಿ. ಬಹುತೇಕ ಹಳ್ಳಿಗಳ ನಡುವೆ ವಾಹನ ಕಡಿಮೆ ಇರುವ ಜಿಲ್ಲಾ ರಸ್ತೆಗಳಿವೆ. ಇದರಲ್ಲಿ ಸೋಲೇನೂ ಇಲ್ಲ.
3. ಕೆಸರಿನ ನಡುವೆ ಸಿಕ್ಕಿಕೊಂಡರೆ ಪೆಡಲ್ ಒತ್ತಬೇಡಿ, ಸೈಕಲ್ ಉರುಳಿಸಲೂಬೇಡಿ. ಹೆಗಲ ಮೇಲೆ ಎತ್ತಿಕೊಂಡು ಬದುವಿನ ಹುಲ್ಲಿನ ಮೇಲೆ ನಡೆಯಿರಿ. ಬಿತ್ತಿದ ಹೊಲಕ್ಕೆ ಇಳಿಯಬೇಡಿ.
4. ಕಡ್ಡಿಯಿಂದ ಮೊದಲು ಡಿರೇಲರಿನ ಪುಟ್ಟ ಗಾಲಿಗಳನ್ನು ಕೆರೆದು ಶುಚಿ ಮಾಡಿ, ಆಮೇಲೆ ಬ್ರೇಕ್, ಕೊನೆಗೆ ಟಯರ್. ನೀರು ಸಿಕ್ಕಿದ ಮೇಲೆ ತೊಳೆದು, ಒರೆಸಿ, ಚೈನಿಗೆ ಎಣ್ಣೆ ಹಾಕಿ.

ಬಿರುಬೇಸಿಗೆಯಲ್ಲೂ ಕೆಸರು ಸಿಗುವುದುಂಟು. ನೀರಾವರಿ ಹೊಲಗಳ ತುಂತುರು ಯಂತ್ರಗಳು ದಾರಿಯ ಮೇಲೂ ನೀರು ಹಾಯಿಸುತ್ತವೆ. ಧೂಳಿನ ದಾರಿಯಲ್ಲಿ ವೇಗವಾಗಿ ಬಂದು ಆ ಇಪ್ಪತ್ತು ಮೀಟರ್ ಜೇಡಿಯಲ್ಲಿ ಜಾರಿ ಬೀಳುವವರು ಅನೇಕ.

ಮುಳ್ಳು

ಬೇಸಿಗೆಯ ಶತ್ರು ನಮಗೆ ಪರಿಚಿತವೇ: ನೆಗ್ಗಿಲು ಮುಳ್ಳು. ನಮ್ಮ ಹೊಲದ ಬದುಗಳಲ್ಲಿ ಹರಡುವ ಅದೇ ಗಿಡ ಸ್ಪೇನ್‌ನ ಒಣ ಬಯಲಿನಲ್ಲೂ ಇದೆ, ಅಲ್ಲಿನವರು ‘ಅಬ್ರೋಹೊ’ ಎನ್ನುತ್ತಾರೆ. ನೆಲಕ್ಕೆ ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ಇರುವಂಥ ಕಾಯಿ. ದಾರಿಯ ನಡುವೆ ಕಡಿಮೆ, ಅಂಚಿನಲ್ಲಿ ಹೆಚ್ಚು. ಆದ್ದರಿಂದ ವಿಶ್ರಾಂತಿಗೆ ನಿಂತಾಗ ಸೈಕಲ್ಲನ್ನು ಬದಿಗೆ ತಳ್ಳದೆ ಎತ್ತಿ ಇಡಿ. ಟ್ಯೂಬ್‌ಲೆಸ್ ಟಯರಿಗೆ ಸೀಲಂಟ್ ದ್ರವ ಹಾಕಿದ್ದರೆ ತೂತು ತಾನೇ ಮುಚ್ಚಿಕೊಳ್ಳುತ್ತದೆ. ಮುಳ್ಳನ್ನು ಕಂಡ ಕೂಡಲೇ ಕೀಳುವ ಬದಲು ಚಕ್ರವನ್ನು ತೂತು ಕೆಳಗೆ ಬರುವಂತೆ ತಿರುಗಿಸಿ, ಆಮೇಲೆ ಕಿತ್ತರೆ ದ್ರವ ಅಲ್ಲಿಗೆ ಹರಿಯುತ್ತದೆ. ಟ್ಯೂಬ್ ಇರುವ ಸೈಕಲ್ಲಾದರೆ ಎರಡು ಟ್ಯೂಬ್, ಪ್ಯಾಚ್, ಪಂಪ್ ಇರಲೇಬೇಕು. ಹೊಸ ಟ್ಯೂಬ್ ಹಾಕುವ ಮೊದಲು ಟಯರಿನ ಒಳಮೈ ಮೇಲೆ ಬೆರಳಾಡಿಸಿ ನೋಡಿ, ಮುರಿದ ಮೊನೆ ಅಲ್ಲೇ ಉಳಿದಿರುತ್ತದೆ.

ಹೊತ್ತು: ಊರು ಎದ್ದಿರುವಾಗ ಊರು ಸೇರಿ

ಸ್ಪೇನ್‌ನಲ್ಲಿ ಮಧ್ಯಾಹ್ನದ ಊಟ ಎರಡು ಗಂಟೆಗೆ ಏಕೆ ಎಂಬುದಕ್ಕೆ ಆಕಾಶದಲ್ಲೇ ಒಂದು ಉತ್ತರವಿದೆ. ಭೂಗೋಳದಲ್ಲಿ ದೇಶ ಬ್ರಿಟನ್ನಿನ ನೇರಕ್ಕಿದ್ದರೂ ಗಡಿಯಾರ ಬರ್ಲಿನ್ನಿನದು. ಬೇಸಿಗೆಯಲ್ಲಿ ಗಡಿಯಾರವನ್ನು ಇನ್ನೊಂದು ಗಂಟೆ ಮುಂದಿಡುತ್ತಾರೆ. ಹಾಗಾಗಿ ಬುರ್ಗೋಸ್‌ನಲ್ಲಿ ಸೂರ್ಯ ನೆತ್ತಿಗೆ ಬರುವುದು ಸುಮಾರು ಎರಡೂಕಾಲಕ್ಕೆ, ಬಿಸಿಲಿನ ಝಳ ಹೆಚ್ಚುವುದು ಸಂಜೆ ಐದರ ಸುಮಾರಿಗೆ. ‘ಹನ್ನೆರಡರ ಬಿಸಿಲು ಕಳೆಯಲಿ, ಮೂರಕ್ಕೆ ಹೊರಡೋಣ’ ಎಂಬ ನಮ್ಮ ಅಭ್ಯಾಸ ಇಲ್ಲಿ ಅಪಾಯ. ಬೆಳಿಗ್ಗೆ ಹೊರಟು ಒಂದೂವರೆಯೊಳಗೆ ಆ ದಿನದ ಊರು ಸೇರುವುದು ಸರಿ. ಜೂನ್‌ನಲ್ಲಿ ಆರೂಮುಕ್ಕಾಲಿಗೆ ಬೆಳಕಾಗುತ್ತದೆ. ಸೆಪ್ಟೆಂಬರ್ ಮಧ್ಯದಲ್ಲಿ ಎಂಟರ ಹೊತ್ತಿಗೆ, ಆಗ ಲೈಟ್ ಬೇಕಾಗುತ್ತದೆ.

ಹಳ್ಳಿಯ ದಿನಚರಿ ಹೀಗಿರುತ್ತದೆ. ಬಾರ್ ಬೆಳಿಗ್ಗೆ ಏಳೆಂಟಕ್ಕೆ ತೆರೆಯುತ್ತದೆ. ಇಲ್ಲಿ ಬಾರ್ ಎಂದರೆ ಕಾಫಿ, ತಿಂಡಿ, ಊಟ, ಊರಿನ ಸುದ್ದಿ ಎಲ್ಲ ಸಿಗುವ ಜಾಗ. ಅಂಗಡಿ ಸುಮಾರು ಎರಡಕ್ಕೆ ಮುಚ್ಚಿ ಐದಕ್ಕೆ ತೆರೆಯುತ್ತದೆ, ಭಾನುವಾರ ರಜೆ. ಊಟ ಒಂದೂವರೆಯಿಂದ ನಾಲ್ಕರವರೆಗೆ. ರಾತ್ರಿಯ ಅಡುಗೆ ಎಂಟೂವರೆಗೆ ಮೊದಲು ಶುರುವಾಗುವುದಿಲ್ಲ, ಯಾತ್ರಿಕರಿಗಾಗಿ ಏಳಕ್ಕೆ ಬಡಿಸುವ ಕಡೆಗಳಿವೆ. ತೀರಾ ಸಣ್ಣ ಹಳ್ಳಿಗಳಲ್ಲಿ ಅಂಗಡಿಯೇ ಇಲ್ಲ. ಬ್ರೆಡ್ಡಿನ ವ್ಯಾನ್ ಹಾರ್ನ್ ಹೊಡೆಯುತ್ತ ಬಂದಾಗ ಅಜ್ಜಿಯರು ಚೀಲ ಹಿಡಿದು ಹೊರಬರುತ್ತಾರೆ, ನೀವೂ ಸಾಲಿನಲ್ಲಿ ನಿಲ್ಲಬಹುದು. ಜನ ನಗರಗಳಿಗೆ ಹೋಗಿ ಖಾಲಿಯಾಗುತ್ತಿರುವ ಪ್ರದೇಶ ಇದು. ಒಂದು ಕಾಫಿ, ಒಂದು ಬ್ರೆಡ್ಡು ಹಳ್ಳಿಯಲ್ಲೇ ಕೊಳ್ಳಿ. ಬಾರ್ ಉಳಿದರೆ ಊರಿನ ವೃದ್ಧರಿಗೆ ಕೂತು ಮಾತಾಡಲು ಒಂದು ಜಾಗ ಉಳಿಯುತ್ತದೆ.

ಸಸ್ಯಾಹಾರಿಗಳಿಗೆ

ಕೇಳುವ ರೀತಿ ಗೊತ್ತಿದ್ದರೆ ಉಪವಾಸ ಬೀಳುವುದಿಲ್ಲ. ‘ಕಾರ್ನೆ’ ಬೇಡ ಎಂದರೆ ಮಾಂಸದ ತುಂಡು ಬೇಡ ಎಂದಷ್ಟೇ ಅರ್ಥವಾಗಬಹುದು, ಹಂದಿಯ ಹಮೋನ್ ಚೂರುಗಳು ಬಂದೇ ಬರುತ್ತವೆ. ಆದ್ದರಿಂದ ‘ಸಿನ್ ಕಾರ್ನೆ, ಸಿನ್ ಹಮೋನ್, ಸಿನ್ ಅತೂನ್’ ಎಂದು ಬಿಡಿಸಿ ಹೇಳಿ: ಮಾಂಸ, ಹಮೋನ್, ಟ್ಯೂನಾ ಮೀನು ಮೂರೂ ಬೇಡ. ‘ವೆಹೆತಾಲ್’ ಎಂಬ ಸ್ಯಾಂಡ್‌ವಿಚ್‌ನಲ್ಲಿ ಸಾಮಾನ್ಯವಾಗಿ ಟ್ಯೂನಾ, ಮೊಟ್ಟೆ ಇರುತ್ತವೆ. ಮಿಶ್ರ ಸಲಾಡ್‌ನಲ್ಲೂ ಟ್ಯೂನಾ. ಬೇಳೆಯ ಸಾರು ನೋಡಿ ಆಸೆಯಾಗುತ್ತದೆ, ಅದರಲ್ಲಿ ಚೊರಿಸೊ ಸಾಸೇಜ್ ಕುದಿಸಿರುವುದೇ ಹೆಚ್ಚು. ಕಾಸ್ತೀಲ್ ಸೀಮೆಯ ಬೆಳ್ಳುಳ್ಳಿ ಸೂಪಿಗೂ ಹಮೋನ್ ಬೀಳುತ್ತದೆ.

ಮೊಟ್ಟೆ ತಿನ್ನುವವರಿಗೆ ಆಲೂಗೆಡ್ಡೆಯ ದಪ್ಪ ತೊರ್ತಿಯಾ ಯಾವ ಬಾರಿನಲ್ಲೂ ಸಿಗುತ್ತದೆ, ಸೈಕಲ್ ತುಳಿಯುವವರಿಗೆ ಅದಕ್ಕಿಂತ ಒಳ್ಳೆಯ ತಿಂಡಿ ಇಲ್ಲ. ತಿನ್ನದವರು ಅಂಗಡಿಯಲ್ಲಿ ಬೇಯಿಸಿ ಗಾಜಿನ ಜಾಡಿಗೆ ತುಂಬಿದ ಕಡಲೆಕಾಳು, ಟೊಮ್ಯಾಟೊ, ಬ್ರೆಡ್, ಹಣ್ಣು ಕೊಳ್ಳಬಹುದು. ಮನೆಯಿಂದ ಚಟ್ನಿಪುಡಿ ತಂದಿದ್ದರೆ ಆಲಿವ್ ಎಣ್ಣೆಯಲ್ಲಿ ಕಲಸಿ ಆ ಗಟ್ಟಿ ಬ್ರೆಡ್ಡಿಗೆ ಹಚ್ಚಿ ತಿನ್ನಿ. ಬಿಸಿಲಲ್ಲಿ ಹೋದ ಉಪ್ಪೂ ದೇಹಕ್ಕೆ ವಾಪಸ್ ಬರುತ್ತದೆ.

ನಾಲ್ಕು ದಿನ

*ಮೊದಲ ದಿನ: ಬುರ್ಗೋಸ್–ಕಾಸ್ತ್ರೊಹೆರಿಸ್, ಸುಮಾರು 40 ಕಿ.ಮೀ.* ನಗರ ದಾಟಿದ ಮೇಲೆ ಬಯಲು. ಒಂತಾನಾಸ್ ಹಳ್ಳಿ ತಗ್ಗಿನಲ್ಲಿರುವುದರಿಂದ ಹತ್ತಿರ ಹೋಗುವವರೆಗೂ ಕಾಣುವುದೇ ಇಲ್ಲ. ನೀರು ಮುಗಿದಿದ್ದರೆ ಗಾಬರಿಯಾಗಬೇಡಿ. ಮುಂದೆ ಸಾನ್ ಅಂತೋನ್ ಮಠದ ಅವಶೇಷ, ರಸ್ತೆ ಅದರ ಕಮಾನಿನ ಕೆಳಗೇ ಹಾಯುತ್ತದೆ. 1146ರಲ್ಲಿ ಆರಂಭವಾದ ಈ ಮಠದಲ್ಲಿ ಮೈಯುರಿದು ಕೈಕಾಲು ಕೊಳೆಯುವ ಒಂದು ರೋಗಕ್ಕೆ ಆರೈಕೆ ಮಾಡುತ್ತಿದ್ದರು. ರೈ ಧಾನ್ಯದ ತೆನೆಗೆ ಹತ್ತುವ ಅರ್ಗಟ್ ಶಿಲೀಂಧ್ರ ಅದಕ್ಕೆ ಕಾರಣ. ಅದೇ ಕುಲದ ಇನ್ನೊಂದು ಶಿಲೀಂಧ್ರ ನಮ್ಮಲ್ಲಿ ಸಜ್ಜೆಗೆ ಬರುತ್ತದೆ. ಹೊಲದ ರೋಗವೊಂದು ಆಸ್ಪತ್ರೆಯನ್ನೇ ಕಟ್ಟಿಸಿದ ಜಾಗದಲ್ಲಿ ಸೈಕಲ್ ನಿಲ್ಲಿಸಿ ಅರ್ಧ ಗಂಟೆ ಕೂರಿ.

*ಎರಡನೆಯ ದಿನ: ಕಾಸ್ತ್ರೊಹೆರಿಸ್–ಕರಿಯೋನ್ ದೆ ಲೋಸ್ ಕೊಂದೆಸ್, ಸುಮಾರು 45 ಕಿ.ಮೀ.* ಊರು ದಾಟುತ್ತಲೇ ಮೊಸ್ತೆಲಾರೆಸ್ ದಿಬ್ಬ. ಒಂದು ಕಿಲೋಮೀಟರ್ ಉದ್ದ, ಶೇ 12ರ ಏರು. ಮೇಲಿನಿಂದ ಬೆಳಗಿನ ಬೆಳಕಿನಲ್ಲಿ ಹೊಲಗಳ ಚೌಕಗಳು ದಿಗಂತದವರೆಗೆ ಕಾಣುತ್ತವೆ. ಆಚೆಯ ಇಳಿಜಾರು ಇನ್ನೂ ಕಡಿದು, ಶೇ 18ರಷ್ಟು. ಸೀಟು ತಗ್ಗಿಸಿ, ಮೈಯನ್ನು ಹಿಂದಕ್ಕೆ ಒಯ್ದು, ಎರಡೂ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯಿರಿ. ಬ್ರೇಕ್ ಒತ್ತಿಕೊಂಡೇ ಇಳಿದರೆ ಪ್ಯಾಡ್ ಕಾದು ಹಿಡಿತ ತಪ್ಪುತ್ತದೆ. ಚೀಲದ ಭಾರ ಹೆಚ್ಚಿದ್ದರೆ ಇಳಿದು ನಡೆಯಿರಿ.

ಪಿಸುಯೆರ್ಗಾ ನದಿಯ ಹನ್ನೊಂದು ಕಮಾನುಗಳ ಹಳೆ ಸೇತುವೆ ದಾಟಿ, ಬೊಆದಿಯಾ ಹಳ್ಳಿ ಬಿಟ್ಟ ಮೇಲೆ ದಾರಿ ಕಾಸ್ತೀಲ್ ಕಾಲುವೆಯ ದಂಡೆ ಸೇರುತ್ತದೆ. ಇಡೀ ಪ್ರಯಾಣದಲ್ಲಿ ನನಗೆ ತುಂಬ ಪ್ರಿಯವಾದ ಭಾಗ ಇದೇ. ಈ ಬಯಲಿನ ಗೋಧಿಯನ್ನು ಉತ್ತರದ ಬಂದರುಗಳತ್ತ ಸಾಗಿಸಲು 1753ರಲ್ಲಿ ಅಗೆಯಲು ಶುರುಮಾಡಿ 1849ರಲ್ಲಿ ಮುಗಿಸಿದ 207 ಕಿಲೋಮೀಟರ್ ಕಾಲುವೆ. ದಂಡೆಯ ಮೇಲೆ ಹೇಸರಗತ್ತೆಗಳು ಹಗ್ಗ ಹಾಕಿ ದೋಣಿ ಎಳೆಯುತ್ತಿದ್ದವು. ಸ್ವಲ್ಪ ಕಾಲದಲ್ಲೇ ರೈಲು ಬಂದು ದೋಣಿಗಳ ಕೆಲಸ ಕಸಿದುಕೊಂಡಿತು, ನೀರು ಹೊಲಗಳಿಗೆ ಉಳಿಯಿತು. ಹೇಸರಗತ್ತೆ ನಡೆದ ದಾರಿ ಇಂದು ಸೈಕಲ್ಲಿಗೆ: ಸಮತಟ್ಟು, ಪಾಪ್ಲರ್ ಮರಗಳ ನೆರಳು, ಪಕ್ಕದಲ್ಲಿ ಜೊಂಡಿನೊಳಗೆ ಹಕ್ಕಿಗಳು. ಅಂಚಿಗೆ ತಡೆಯಿಲ್ಲ, ಒದ್ದೆ ಹುಲ್ಲಿನ ಮೇಲೆ ನಿಧಾನ. ಫ್ರೋಮಿಸ್ತಾ ಮುಟ್ಟಿದಾಗ ನಾಲ್ಕು ತೂಬುಕಟ್ಟೆಗಳು ಮೆಟ್ಟಿಲಿನ ಹಾಗೆ ಒಂದರ ಕೆಳಗೊಂದು ಇಳಿಯುವುದನ್ನು ಸೇತುವೆಯ ಮೇಲಿನಿಂದ ನೋಡಬಹುದು. ಅದೇ ಊರಿನ ಸಾನ್ ಮಾರ್ತಿನ್ ಚರ್ಚು 11ನೆಯ ಶತಮಾನದ್ದು. ಸೂರಿನಡಿ ಸುತ್ತಲೂ ಮನುಷ್ಯರ, ಪ್ರಾಣಿಗಳ ಮುಖ ಕೆತ್ತಿದ ಮುನ್ನೂರಕ್ಕೂ ಹೆಚ್ಚು ಚಾಚುಗಲ್ಲುಗಳು. ಹೊರಗಿನಿಂದ ಒಂದು ಸುತ್ತು ಬಂದರೂ ಸಾಕು. ಬಿಡುವಿದ್ದವರು ಇಲ್ಲಿ ಒಂದು ದಿನ ಹೆಚ್ಚು ಉಳಿದು ಕಾಲುವೆಗುಂಟ ಉತ್ತರಕ್ಕೆ ಹೋಗಿಬರಲಿ.

*ಮೂರನೆಯ ದಿನ: ಕರಿಯೋನ್–ಸಾಹಗೂನ್, ಸುಮಾರು 40 ಕಿ.ಮೀ.* ಮೊದಲ 17 ಕಿಲೋಮೀಟರ್ ಒಂದೂ ಊರಿಲ್ಲ, ರೋಮನ್ ರಸ್ತೆಯ ನೇರ ಗೆರೆ. ಎರಡು ಲೀಟರ್ ನೀರು ತುಂಬಿಕೊಂಡೇ ಹೊರಡಿ. ಪಶ್ಚಿಮದ ಗಾಳಿ ಎದ್ದ ದಿನ ಇಲ್ಲಿ ಬೆಟ್ಟ ಹತ್ತುವಷ್ಟೇ ಶ್ರಮ. ಜೊತೆಗಾರರಿದ್ದರೆ ಸರದಿಯಲ್ಲಿ ಮುಂದೆ ತುಳಿಯಿರಿ. ಸಾಹಗೂನ್‌ನಲ್ಲಿ ಕಲ್ಲಿನ ಚರ್ಚುಗಳು ಹೋಗಿ ಇಟ್ಟಿಗೆಯ ಚರ್ಚುಗಳು ಬರುತ್ತವೆ. ಸುತ್ತ ಕಲ್ಲಿಲ್ಲ, ಇರುವುದು ಜೇಡಿ ಮಣ್ಣೇ. ಮನೆ, ಪಾರಿವಾಳದ ಗೂಡುಗೋಪುರಗಳನ್ನೂ ಮಣ್ಣು, ಹುಲ್ಲು ಕಲಸಿ ಕಟ್ಟಿದ್ದಾರೆ.

*ನಾಲ್ಕನೆಯ ದಿನ: ಸಾಹಗೂನ್–ಲಿಯೋನ್, ಸುಮಾರು 55 ಕಿ.ಮೀ.* ಮಾನ್ಸಿಯಾ ಊರಿನವರೆಗೆ ಸುಲಭ. ಕೊನೆಯ 18 ಕಿಲೋಮೀಟರ್ ಹೆದ್ದಾರಿಯ ಬದಿ, ಲಾರಿಗಳ ಓಡಾಟ. ರಸ್ತೆಗಿಳಿಯದೆ ಯಾತ್ರಿಕರ ದಾರಿಯಲ್ಲೇ ಇರಿ.

ದಾರಿಯ ಶಿಸ್ತು, ಎಚ್ಚರಿಕೆ

1. ನಾಯಿ. ಕುರಿಮಂದೆಯ ಜೊತೆ ಮಸ್ತಿನ್ ಎಂಬ ಭಾರಿ ಕಾವಲು ನಾಯಿಗಳಿರುತ್ತವೆ. ತೋಳಗಳಿಂದ ಮಂದೆ ಕಾಯಲು ಬೆಳೆಸಿದ ತಳಿ. ವೇಗವಾಗಿ ಬರುವುದೆಲ್ಲ ಅವುಗಳ ಪಾಲಿಗೆ ಅಪಾಯ. ತುಳಿದು ಪಾರಾಗಲು ನೋಡಬೇಡಿ. ಇಳಿದು, ಸೈಕಲ್ಲನ್ನು ನಿಮ್ಮ ಮತ್ತು ನಾಯಿಯ ನಡುವೆ ಇಟ್ಟುಕೊಂಡು, ಕಣ್ಣಿಗೆ ಕಣ್ಣಿಡದೆ, ಮೆಲ್ಲಗೆ ಮಾತಾಡುತ್ತ, ಮಂದೆಯನ್ನು ದೂರದಿಂದ ಸುತ್ತು ಹಾಕಿ. ಮಂದೆಯಿಂದ ದೂರವಾದಿರಿ ಎಂದು ಖಚಿತವಾದ ಮೇಲೆ ನಾಯಿ ಹಿಂದಿರುಗುತ್ತದೆ. ಕುರುಬ ಹತ್ತಿರದಲ್ಲಿದ್ದರೆ ಕೈಯೆತ್ತಿ ಕಾಯಿರಿ, ಅವನೇ ಕರೆದುಕೊಳ್ಳುತ್ತಾನೆ.

2. ನಡೆಯುವವರು. ಗಂಟೆ ಕಡ್ಡಾಯವಾಗಿ ಇರಲಿ, ದೂರದಿಂದಲೇ ಬಾರಿಸಿ. ನಡಿಗೆಯ ವೇಗದಲ್ಲಿ ದಾಟಿ ‘ಬುಯೆನ್ ಕಮಿನೊ’ ಎನ್ನಿ. ಹಲವರು ನೂರಾರು ಕಿಲೋಮೀಟರ್ ನಡೆದು ಕಾಲು ನೊಂದವರು, ಥಟ್ಟನೆ ಪಕ್ಕಕ್ಕೆ ಸರಿಯಲಾರರು.

3. ರಸ್ತೆ ನಿಯಮ. ಊರ ಹೊರಗಿನ ರಸ್ತೆಯಲ್ಲಿ ಹೆಲ್ಮೆಟ್ ಕಡ್ಡಾಯ. ಬಲಬದಿಯಲ್ಲಿ ತುಳಿಯಬೇಕು, ನಮ್ಮವರಿಗೆ ಬೆಳಿಗ್ಗೆ ಹೊರಡುವಾಗ ಮತ್ತು ತಿರುವುಗಳಲ್ಲಿ ಇದು ಮರೆತುಹೋಗುತ್ತದೆ. ಕಾರುಗಳು ಸೈಕಲ್ಲಿನಿಂದ ಒಂದೂವರೆ ಮೀಟರ್ ಬಿಟ್ಟು ದಾಟಬೇಕೆಂದು ಕಾನೂನಿದೆ, ಅದನ್ನು ಅಲ್ಲಿನವರು ಬಹುಮಟ್ಟಿಗೆ ಪಾಲಿಸುತ್ತಾರೆ. ತುರ್ತು ಸಂಖ್ಯೆ 112.

4. ಸುಗ್ಗಿ. ಜುಲೈನಲ್ಲಿ ಕಟಾವು ಯಂತ್ರ ದಾರಿಯಗಲ ತುಂಬಿ ಬರುತ್ತದೆ. ಚಾಲಕನಿಗೆ ನೀವು ಕಾಣುವುದಿಲ್ಲ ಎಂದೇ ತಿಳಿದು ಹೊಲದಂಚಿಗೆ ಇಳಿದು ನಿಲ್ಲಿ. ಒಣಗಿದ ಪೈರಿನ ಹತ್ತಿರ ಬೆಂಕಿ, ಸಿಗರೇಟು, ಒಲೆ ಸುತರಾಂ ಬೇಡ.

5. ಬೇಟೆ. ಶರತ್ಕಾಲದಿಂದ ಚಳಿಗಾಲದವರೆಗೆ ಭಾನುವಾರ, ರಜಾದಿನಗಳಲ್ಲಿ ಬೇಟೆಗಾರರು ಹೊಲಗಳಲ್ಲಿರುತ್ತಾರೆ. ‘ಬತೀದಾ’ ಎಂಬ ಫಲಕ ಕಂಡರೆ ಬಂದೂಕುಗಳು ಕೆಲಸದಲ್ಲಿವೆ ಎಂದೇ ತಿಳಿದು ಹಿಂದಿರುಗಿ ರಸ್ತೆ ಹಿಡಿಯಿರಿ. ಬಣ್ಣದ ಅಂಗಿ ತೊಡಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

*‘ಕೋತೊ ಪ್ರಿವಾದೊ ದೆ ಕಾಸಾ’ ಫಲಕ ನೋಡಿ ಹೆದರುವುದು.* ಬೇಟೆಯ ಹಕ್ಕು ಖಾಸಗಿ ಎಂದಷ್ಟೇ ಅದರ ಅರ್ಥ, ಸಾರ್ವಜನಿಕ ದಾರಿಯಲ್ಲಿ ನೀವು ಹೋಗಬಹುದು. ‘ಪ್ರೊಹಿಬೀದೊ ಎಲ್ ಪಾಸೊ’ ಎಂದಿದ್ದರೆ ಮಾತ್ರ ಪ್ರವೇಶವಿಲ್ಲ. ದಾಟಿದ ಗೇಟನ್ನು ಹೇಗಿತ್ತೋ ಹಾಗೇ ಬಿಡಿ.

*ಕಂಡ ಕಾರಂಜಿಯ ನೀರೆಲ್ಲ ಕುಡಿಯುವುದು.* ‘ಪೊತಾಬ್ಲೆ’ ಎಂದಿದ್ದರೆ ಕುಡಿಯಲು ಸರಿ. ‘ನೊ ಪೊತಾಬ್ಲೆ’ ಎಂದಿದ್ದರೆ ತಲೆ ತೋಯಿಸಿಕೊಳ್ಳಲು ಮಾತ್ರ. ಹೊಲದ ನಡುವಿನ ಬರಹವಿಲ್ಲದ ನೀರಿಗೆ ಗೊಬ್ಬರದ ಅಂಶ ಸೇರಿರಬಹುದು.

*ವಸತಿ ಸಿಕ್ಕೇ ಸಿಗುತ್ತದೆ ಎಂದುಕೊಳ್ಳುವುದು.* ಸರ್ಕಾರಿ ಯಾತ್ರಿಗೃಹಗಳಲ್ಲಿ ನಡೆದು ಬಂದವರಿಗೆ ಮೊದಲ ಆದ್ಯತೆ, ಸೈಕಲ್ಲಿನವರು ಸಂಜೆಯವರೆಗೆ ಕಾಯಬೇಕಾದೀತು. ಅದು ನ್ಯಾಯವೂ ಹೌದು. ಮುಂದಿನ ಊರಿಗೆ ಹೋಗಲು ನಮಗೆ ಚಕ್ರವಿದೆ, ಅವರಿಗಿಲ್ಲ. ಮೇ ಮತ್ತು ಸೆಪ್ಟೆಂಬರ್‌ನಲ್ಲಿ ಖಾಸಗಿ ವಸತಿಯನ್ನು ಮೊದಲೇ ಕಾದಿರಿಸಿ, ಸೈಕಲ್ ಇಡಲು ಬೀಗವಿರುವ ಜಾಗ ಇದೆಯೇ ಎಂದು ಕೇಳಿ.

*ಯಾತ್ರಾಪತ್ರದ ಲೆಕ್ಕ ತಪ್ಪುವುದು.* ಕಾಂಪೋಸ್ತೆಲಾ ಎಂಬ ಪ್ರಮಾಣಪತ್ರ ಬೇಕಿದ್ದರೆ ಸಾಂತಿಯಾಗೊ ಮುಟ್ಟುವ ಕೊನೆಯ 200 ಕಿಲೋಮೀಟರ್ ಸೈಕಲ್ ತುಳಿದಿರಬೇಕು, ನಡೆಯುವವರಿಗೆ 100. ಬುರ್ಗೋಸ್–ಲಿಯೋನ್ ಮಾತ್ರ ಮಾಡಿದವರಿಗೆ ಅದು ಸಿಗುವುದಿಲ್ಲ.

*ಟಯರಿಗೆ ಗಟ್ಟಿ ಗಾಳಿ ತುಂಬುವುದು.* ಡಾಂಬರಿನಲ್ಲಿ ಹಗುರ ಎನಿಸಿದರೂ ಜಲ್ಲಿಯ ಮೇಲೆ ಪುಟಿದು ಹಿಡಿತ ತಪ್ಪುತ್ತದೆ. ಹೆಬ್ಬೆರಳಿಂದ ಒತ್ತಿದಾಗ ತುಸು ಒಳಹೋಗುವಷ್ಟಿರಲಿ.

ಲಿಯೋನ್ ತಲುಪಿದ ಮೇಲೆ

ಮೊದಲು ಸೈಕಲ್ ತೊಳೆಯಿರಿ, ಒಣಗಿದ ಜೇಡಿ ಮಾರನೆಯ ದಿನ ಸಿಮೆಂಟಿನಷ್ಟು ಗಟ್ಟಿ. ಪೆಟ್ರೋಲ್ ಬಂಕಿನ ತೊಳೆಯುವ ಪೈಪ್ ಬಳಸಬಹುದು. ನೀರಿನ ರಭಸವನ್ನು ಹಬ್ ಮತ್ತು ಪೆಡಲ್ ಬುಡದ ಬೇರಿಂಗುಗಳಿಗೆ ನೇರ ಹಿಡಿಯಬೇಡಿ, ಗ್ರೀಸ್ ಹೊರಟುಹೋಗುತ್ತದೆ. ವಾಪಸಾತಿಗೆ ಪ್ರಾದೇಶಿಕ ರೈಲುಗಳಲ್ಲಿ ಸೈಕಲ್ಲನ್ನು ಹಾಗೇ ಒಯ್ಯಬಹುದಾದರೂ ಜಾಗ ಬೆರಳೆಣಿಕೆಯಷ್ಟು, ಟಿಕೆಟ್ ಕೊಳ್ಳುವಾಗಲೇ ಸೈಕಲ್ಲಿಗೂ ಜಾಗ ಹಿಡಿಯಿರಿ. ಅತಿವೇಗದ ರೈಲಿಗೆ ಬಿಚ್ಚಿ ಚೀಲದಲ್ಲಿ ತುಂಬಬೇಕು. ಇವೆರಡೂ ಹೊಂದದಿದ್ದರೆ ಸ್ಪೇನ್‌ನ ಅಂಚೆ ಇಲಾಖೆ ಕೊರೆಯೋಸ್‌ನಲ್ಲಿ ಸೈಕಲ್ಲುಗಳಿಗೆಂದೇ ಪಾರ್ಸೆಲ್ ಸೇವೆ ಇದೆ. ಪೆಟ್ಟಿಗೆಯನ್ನು ಅವರೇ ಕೊಡುತ್ತಾರೆ, ಪೆಡಲ್ ಬಿಚ್ಚಿ ಹ್ಯಾಂಡಲ್ ತಿರುಗಿಸುವುದು ನಿಮ್ಮ ಕೆಲಸ. ಎಡ ಪೆಡಲಿನ ಮರೆ ಉಲ್ಟಾ ಎಂಬುದು ನೆನಪಿರಲಿ.